ಮೂರು ಊರಿನ ಹೆಸರು, ಒಂದು ಮಾರ್ಕ್ಸ್ ಕಾರ್ಡ್: ಯೂನಿವರ್ಸಿಟಿ ಐಟಿ ಕೆಲಸ ಅಂದ್ರೆ ಏನು?

(ಪಾಡ್‌ಕಾಸ್ಟ್ ಮಾತಿನ ಬರಹ ರೂಪ)

 

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಡಿಗ್ರಿ ವಿದ್ಯಾರ್ಥಿಗಳು ಕೇಳೋ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಬಿಸಿಎ ಮಾಡಿದ್ರೆ ಬೆಂಗಳೂರಿನ ಕಂಪನಿ ಬಿಟ್ಟು ಬೇರೆ ಕೆಲಸ ಇದೆಯಾ? ಒಂದು ಕಡೆ ಸೇರಿ, ಆಮೇಲೆ ಬೇರೆ ಕಡೆ ಹೋದ್ರೆ ರೆಸ್ಯೂಮೆ ಹಾಳಾಗುತ್ತಾ? ಎರಡಕ್ಕೂ ಇವತ್ತು ಉತ್ತರ ಹೇಳ್ತೀನಿ. ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗ, ಸಾಫ್ಟ್‌ವೇರ್ ಕಂಪನಿ, ಎರಡೂ ಕಡೆ ದುಡಿದವನು ನಾನು. ಆದ್ರೆ ನನ್ನ ಕಥೆ ಹೇಳೋಕೆ ಬಂದಿಲ್ಲ. ಆ ಕೆಲಸದ ಒಳಗೆ ಏನಿದೆ ಅಂತ ತೋರಿಸೋಕೆ ಬಂದಿದ್ದೀನಿ. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ನಿಮ್ಮ ಮೂರು ತಾಲ್ಲೂಕಿನ ಹೆಸರುಗಳೇ ಸಾಕು.

ಮೊದಲು ಕೆಲಸ ಏನು ಅಂತ ನೋಡೋಣ. ಯೂನಿವರ್ಸಿಟಿ ಐಟಿ ಅಂದ ತಕ್ಷಣ ನಮಗೆ ನೆನಪಾಗೋದು ಲ್ಯಾಬ್‌ನಲ್ಲಿ ಮೌಸ್ ಬದಲಾಯಿಸೋರು, ವೈಫೈ ಪಾಸ್‌ವರ್ಡ್ ಕೊಡೋರು. ಅದೂ ಇದೆ. ಆದ್ರೆ ದೊಡ್ಡ ಕೆಲಸ ಬೇರೆ. ಅಡ್ಮಿಷನ್ ಅರ್ಜಿ, ಶುಲ್ಕ, ವಿಷಯದ ಆಯ್ಕೆ, ಹಾಜರಿ, ಇಂಟರ್ನಲ್ ಅಂಕ, ಹಾಲ್ ಟಿಕೆಟ್, ಮೌಲ್ಯಮಾಪನ, ಫಲಿತಾಂಶ, ಮರುಮೌಲ್ಯಮಾಪನ, ಮಾರ್ಕ್ಸ್ ಕಾರ್ಡ್, ಪದವಿ ಪ್ರಮಾಣಪತ್ರ. ಒಬ್ಬ ವಿದ್ಯಾರ್ಥಿಯ ಮೂರು ವರ್ಷ ಈ ಸರಪಳಿಯಲ್ಲಿ ಸಾಗುತ್ತೆ. ಒಂದು ಕೊಂಡಿ ತಪ್ಪಿದ್ರೆ ಕೊನೆಯ ಕಾಗದ ತಪ್ಪಾಗಿ ಬರುತ್ತೆ. ಈ ಸರಪಳಿಯನ್ನ ನೋಡಿಕೊಳ್ಳೋದೇ ನಿಜವಾದ ಕೆಲಸ.

ನಿಮ್ಮ ಕಡೆಯ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದವು. 1987ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು. ಶಿವಮೊಗ್ಗ, ಚಿಕ್ಕಮಗಳೂರು ಎರಡು ಜಿಲ್ಲೆ ಅದರ ವ್ಯಾಪ್ತಿ. ಇರೋದು ಭದ್ರಾ ಅಣೆಕಟ್ಟಿನ ಹತ್ತಿರ ಶಂಕರಘಟ್ಟದಲ್ಲಿ. ಎನ್.ಆರ್. ಪುರದವರು ದಿನಾ ನೋಡೋ ಹಿನ್ನೀರು ಅದೇ ಅಣೆಕಟ್ಟಿನದು. ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಅಕ್ಷರ ತಪ್ಪಿದ್ರೆ ಏನಾಗುತ್ತೆ ಯೋಚಿಸಿ. ಶೃಂಗೇರಿ ಪಕ್ಕದ ಹಳ್ಳಿಯ ಹುಡುಗಿ ಅರ್ಜಿ ಬರೆದು, ಕಾಲೇಜಿನಲ್ಲಿ ಸಹಿ ಹಾಕಿಸಿ, ಅದರ ಹಿಂದೆ ಓಡಾಡಬೇಕು. ಬಸ್ ಹತ್ತಿ ಹೋದ್ರೆ ಒಂದು ದಿನದ ಕೆಲಸ ಹೋಯ್ತು. ಮನೇಲಿ ಅಡಿಕೆ ಸುಲಿಯೋ ಸಮಯವಾಗಿದ್ರೆ ಆ ದಿನಕ್ಕೆ ಲೆಕ್ಕ ಇದೆ. ಒಂದು ಅಕ್ಷರದ ಬೆಲೆ ಇಷ್ಟು ಅಂತ ಗೊತ್ತಿದ್ದವರು ಬರೆಯೋ ಸಾಫ್ಟ್‌ವೇರೇ ಬೇರೆ ಥರ ಇರುತ್ತೆ.

ಈಗ ಮೊದಲನೇ ಹೆಸರು, ಕೊಪ್ಪ.

ಕೊಪ್ಪ ಅಂತ ಯೂನಿಕೋಡ್‌ನಲ್ಲಿ ಬರೆದ್ರೆ ಕಂಪ್ಯೂಟರ್ ಒಳಗೆ ಐದು ಸಂಕೇತ ಕೂತಿರುತ್ತೆ. ಕ, ಅದರ ಒ-ಕಾರದ ಚಿಹ್ನೆ, ಪ, ಒತ್ತು ಕೊಡೋ ವಿರಾಮ, ಮತ್ತೆ ಪ. ಆದ್ರೆ ಆ ಒ-ಕಾರವನ್ನ ಇನ್ನೊಂದು ರೀತಿಯಲ್ಲೂ ಬರೆಯಬಹುದು. ಎ-ಕಾರದ ಚಿಹ್ನೆ ಒಂದು, ಊ-ಕಾರದ ಚಿಹ್ನೆ ಒಂದು, ಎರಡನ್ನೂ ಪಕ್ಕ ಪಕ್ಕ ಇಟ್ರೆ ತೆರೆಯ ಮೇಲೆ ಕಾಣೋದು ಅದೇ ‘ಕೊ’. ಆಗ ಸಂಕೇತ ಆರು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರ್‌ಗೆ ಎರಡು ಬೇರೆ ಬೇರೆ ಪದ. ಡೇಟಾಬೇಸ್‌ನಲ್ಲಿ ಕೊಪ್ಪ ಅಂತ ಹುಡುಕಿದ್ರೆ ಅರ್ಧ ಜನ ಸಿಗ್ತಾರೆ, ಅರ್ಧ ಜನ ಸಿಗಲ್ಲ. ಕಾಲೇಜಿನವರು ‘ಹೆಸರು ಇಲ್ವಲ್ಲ’ ಅಂತಾರೆ, ವಿದ್ಯಾರ್ಥಿ ‘ಇಲ್ಲೇ ಕಾಣ್ತಿದೆಯಲ್ಲ ಸಾರ್’ ಅಂತಾನೆ. ಇಬ್ಬರೂ ಹೇಳೋದು ಸರಿ. ಇದಕ್ಕೆ ಮದ್ದು ಇದೆ. ನಾರ್ಮಲೈಸೇಶನ್ ಅಂತಾರೆ. ಒಳಗೆ ಬರೋ ಪಠ್ಯವನ್ನೆಲ್ಲ ಮೊದಲೇ ಒಂದೇ ರೂಪಕ್ಕೆ ತರೋದು. ಹೆಚ್ಚಿನ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇದು ಒಂದು ಸಾಲಿನ ಕೆಲಸ. ಆದ್ರೆ ಆ ಸಾಲು ಬೇಕು ಅಂತ ಹೊಳೆಯೋಕೆ ಕನ್ನಡದ ಕಾಗುಣಿತ ಗೊತ್ತಿರಬೇಕು.

ಕೊಪ್ಪಕ್ಕೆ ಇನ್ನೊಂದು ತೊಂದರೆ ಇದೆ. ಕೊಪ್ಪ ಒಂದೇ ಅಲ್ಲ. ಮದ್ದೂರು ತಾಲ್ಲೂಕಿನಲ್ಲೂ ಕೊಪ್ಪ ಇದೆ, ಬೈಲುಕುಪ್ಪೆ ಹತ್ತಿರಾನೂ ಕೊಪ್ಪ ಇದೆ, ಬೆಂಗಳೂರಿನ ಬನ್ನೇರುಘಟ್ಟದ ಕಡೆಗೂ ಕೊಪ್ಪ ಇದೆ. ಬರೀ ಹೆಸರು ನಂಬಿ ಪರೀಕ್ಷಾ ಕೇಂದ್ರ ಕೊಟ್ರೆ ಕಥೆ ಮುಗೀತು. ಅದಕ್ಕೇ ಊರಿಗೆ ಹೆಸರಿನ ಜೊತೆ ಒಂದು ಸಂಖ್ಯೆ ಬೇಕು. ಅಂಚೆ ಇಲಾಖೆ ಈ ಪಾಠವನ್ನ 1972ರಲ್ಲೇ ಪಿನ್‌ಕೋಡ್ ತಂದು ಕಲಿಸಿದೆ. ಕೊಪ್ಪ 577126, ಶೃಂಗೇರಿ 577139, ಎನ್.ಆರ್. ಪುರ 577134. ಈಗ ಪಂಚಾಯತ್, ತಾಲ್ಲೂಕುಗಳಿಗೆ ಕೇಂದ್ರ ಸರ್ಕಾರದ ಬೇರೆ ಸಂಕೇತಗಳೂ ಇವೆ. ಹೆಸರು ಮನುಷ್ಯರಿಗೆ, ಸಂಖ್ಯೆ ಯಂತ್ರಕ್ಕೆ. ಎರಡನ್ನೂ ಇಟ್ಕೊಳ್ಳಬೇಕು.

ಎರಡನೇ ಹೆಸರು, ಶೃಂಗೇರಿ.

ಕನ್ನಡದಲ್ಲಿ ಬರೆದ್ರೆ ಗೊಂದಲ ಕಡಿಮೆ. ಇಂಗ್ಲಿಷ್‌ಗೆ ಹೋದ ತಕ್ಷಣ ಶುರು. ಎಸ್ ಆದ ಮೇಲೆ ಎಚ್ ಬೇಕೋ ಬೇಡವೋ? ಫಲಕಗಳಲ್ಲಿ ಎರಡೂ ಸಿಗುತ್ತೆ. ಊರಿನ ವಿಷಯ ಬಿಡಿ, ಶ್ರುತಿ ಅನ್ನೋ ಹೆಸರು ತಗೊಳ್ಳಿ. ಕನ್ನಡದಲ್ಲೇ ಶ್ರುತಿ ಅಂತ ಕೆಲವರು, ಶೃತಿ ಅಂತ ಕೆಲವರು ಬರೀತಾರೆ. ಇಂಗ್ಲಿಷ್‌ನಲ್ಲಿ ಮೊದಲಿಗೆ ಎಸ್ ಒಂದೇನಾ, ಎಸ್ ಎಚ್ಚಾ? ಕೊನೆಗೆ ಬರೀ ಟೀನಾ, ಟಿ ಎಚ್ಚಾ? ಆಮೇಲೆ ಐ ನಾ, ವೈ ನಾ? ಎರಡು, ಎರಡು, ಎರಡು. ಗುಣಿಸಿದ್ರೆ ಎಂಟು ರೂಪ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮತ್ತೊಂದು. ಮನುಷ್ಯರು ನೋಡಿದ್ರೆ ‘ಒಂದೇ ಹುಡುಗಿ’ ಅಂತಾರೆ. ಸ್ಕಾಲರ್‌ಶಿಪ್ ಪೋರ್ಟಲ್ ಹಾಗೆ ಅನ್ನಲ್ಲ.

ಇಲ್ಲಿ ಸಾಫ್ಟ್‌ವೇರ್ ಬರೆಯೋರ ಮುಂದೆ ಎರಡು ದಾರಿ. ಒಂದು, ಅಕ್ಷರ ಅಕ್ಷರ ಹೊಂದಲಿಲ್ಲ ಅಂದ್ರೆ ಅರ್ಜಿ ತಿರಸ್ಕಾರ ಅಂತ ಬರೆದುಬಿಡೋದು. ಇದು ಸುಲಭ. ಇನ್ನೊಂದು, ಹತ್ತಿರದ ರೂಪಗಳನ್ನ ಗುರುತಿಸಿ, ‘ಇದು ನೀವೇನಾ ನೋಡಿ’ ಅಂತ ಕೇಳಿ, ಆಮೇಲೆ ಒಬ್ಬ ಅಧಿಕಾರಿ ಕಣ್ಣಾರೆ ನೋಡಿ ಒಪ್ಪೋ ಹಾಗೆ ಮಾಡೋದು. ಇದಕ್ಕೆ ಹೆಚ್ಚು ದಿನ ಹಿಡಿಯುತ್ತೆ. ಆದ್ರೆ ಮೊದಲನೇ ದಾರಿಯಲ್ಲಿ ಪ್ರೋಗ್ರಾಮರ್‌ಗೆ ಉಳಿದ ಎರಡು ದಿನವನ್ನ ಸಾವಿರಾರು ವಿದ್ಯಾರ್ಥಿಗಳು ತಮ್ಮ ದಿನ ಕೊಟ್ಟು ತೀರಿಸ್ತಾರೆ.

ಮೂರನೇ ಹೆಸರು, ನರಸಿಂಹರಾಜಪುರ.

ಹಿಂದೆ ಯಡೇಹಳ್ಳಿ. ಮೈಸೂರಿನ ಯುವರಾಜರ ಹೆಸರು ಬಂದ ಮೇಲೆ ನರಸಿಂಹರಾಜಪುರ. ಜನ ಕರೆಯೋದು ಎನ್.ಆರ್. ಪುರ. ಅರ್ಜಿಗಳಲ್ಲಿ ಚುಕ್ಕಿ ಇಟ್ಟು ಒಬ್ಬರು, ಚುಕ್ಕಿ ಇಲ್ಲದೆ ಒಬ್ಬರು, ಜಾಗ ಬಿಟ್ಟು ಒಬ್ಬರು, ಕೂಡಿಸಿ ಒಬ್ಬರು ಬರೀತಾರೆ. ಅಕಾರಾದಿಯಲ್ಲಿ ಜೋಡಿಸಿದ್ರೆ ನರಸಿಂಹರಾಜಪುರ ‘ನ’ದಲ್ಲಿ ಬರುತ್ತೆ, ಎನ್.ಆರ್. ಪುರ ‘ಎ’ಯಲ್ಲಿ ಬರುತ್ತೆ. ಒಂದೇ ಊರಿನ ವಿದ್ಯಾರ್ಥಿಗಳು ಪಟ್ಟಿಯ ಎರಡು ತುದಿಯಲ್ಲಿ. ಯಾವ ತಾಲ್ಲೂಕಿನಿಂದ ಎಷ್ಟು ಮಕ್ಕಳು ಬರ್ತಿದ್ದಾರೆ, ಎಲ್ಲಿಗೆ ಹಾಸ್ಟೆಲ್ ಬೇಕು, ಎಲ್ಲಿಗೆ ಪರೀಕ್ಷಾ ಕೇಂದ್ರ ಬೇಕು ಅಂತ ಲೆಕ್ಕ ಹಾಕುವಾಗ ಊರು ಒಡೆದು ನಾಲ್ಕಾಗಿದ್ರೆ, ನಾಲ್ಕೂ ಚಿಕ್ಕದಾಗಿ ಕಾಣುತ್ತೆ. ಚಿಕ್ಕದಾಗಿ ಕಂಡ ಊರಿಗೆ ಏನು ಸಿಗುತ್ತೆ ಅಂತ ನಿಮಗೆ ಗೊತ್ತು.

ಊರಿನ ಹೆಸರಿಗೇ ಇಷ್ಟು ಅಂದ್ರೆ ಮನುಷ್ಯರ ಹೆಸರಿಗೆ? ವಿಶ್ವವಿದ್ಯಾಲಯಕ್ಕೆ ಯಾರ ಹೆಸರಿದೆಯೋ ಅವರನ್ನೇ ತಗೊಳ್ಳೋಣ. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು. ಪೂರ್ತಿ ಹೆಸರು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಅವರ ಹೆಸರು. ಈಗ ಅವರು ಆನ್‌ಲೈನ್ ಅರ್ಜಿ ತುಂಬ್ತಾರೆ ಅಂತ ಇಟ್ಕೊಳ್ಳಿ. ಫಸ್ಟ್ ನೇಮ್, ಲಾಸ್ಟ್ ನೇಮ್, ಎರಡಕ್ಕೂ ಕೆಂಪು ನಕ್ಷತ್ರ. ಖಾಲಿ ಬಿಡೋ ಹಾಗಿಲ್ಲ. ಲಾಸ್ಟ್ ನೇಮ್ ಏನು ಬರೀತಾರೆ? ಪುಟ್ಟಪ್ಪ ಕೊನೆಗೆ ಬರುತ್ತೆ, ಆದ್ರೆ ಅದು ಮನೆತನದ ಹೆಸರಲ್ಲ. ಆ ಅರ್ಜಿ ನಮ್ಮ ಕಡೆಯ ಹೆಸರಿಗಾಗಿ ಮಾಡಿದ್ದಲ್ಲ. ನಮ್ಮಲ್ಲಿ ಎಷ್ಟೋ ಮಕ್ಕಳು ಲಾಸ್ಟ್ ನೇಮ್ ಜಾಗದಲ್ಲಿ ಬರೀ ಒಂದು ಇನಿಶಿಯಲ್ ಹಾಕ್ತಾರೆ. ಮುಂದೆ ಪಾಸ್‌ಪೋರ್ಟ್, ವೀಸಾ ಅಂತ ಬಂದಾಗ ಆ ಒಂದು ಅಕ್ಷರ ಬಿಡಿಸೋಕೆ ಅಫಿಡವಿಟ್ ಮಾಡಿಸ್ತಾರೆ. ‘ಪೂರ್ತಿ ಹೆಸರು’ ಅಂತ ಒಂದೇ ಡಬ್ಬ ಇಟ್ಟಿದ್ರೆ ಇಷ್ಟೆಲ್ಲ ಬೇಕಿರಲಿಲ್ಲ.

ಈ ಥರದ ಸಮಸ್ಯೆಗಳನ್ನ ಬಿಡಿಸಿದವರು ಎಲ್ಲಿಂದ ಬಂದ್ರು? ನೇರ ದಾರಿಯಲ್ಲಿ ಬಂದವರಲ್ಲ. ಕೆ.ಪಿ. ರಾವ್ ಅವರನ್ನ ನೋಡಿ. ಕಿನ್ನಿಕಂಬಳ ಪದ್ಮನಾಭ ರಾವ್. ಇಲ್ಲೂ ಮೊದಲು ಊರಿನ ಹೆಸರು, ಗಮನಿಸಿ. ಕಿನ್ನಿಕಂಬಳ ಮಂಗಳೂರು ಹತ್ತಿರದ ಹಳ್ಳಿ. ಅಲ್ಲಿಂದ ಮುಂಬೈಗೆ ಹೋಗಿ ಟಿಐಎಫ್ಆರ್‌ನಂಥ ಮೂಲವಿಜ್ಞಾನದ ಸಂಸ್ಥೆಯಲ್ಲಿ ಕೆಲಸ. ಸಿಂಧೂ ಲಿಪಿಯನ್ನ ಕಂಪ್ಯೂಟರ್ ಮೂಲಕ ಅಧ್ಯಯನ ಮಾಡೋದರಲ್ಲಿ ಆಸಕ್ತಿ. ಆಮೇಲೆ ಟಾಟಾ ಪ್ರೆಸ್, ಅಂದ್ರೆ ಮುದ್ರಣ. ಆಮೇಲೆ ಮೊನೋಟೈಪ್, ಅಂದ್ರೆ ಅಕ್ಷರ ಜೋಡಣೆಯ ಯಂತ್ರ. ಆಮೇಲೆ ಮಣಿಪಾಲದಲ್ಲಿ ಪಾಠ. ರೆಸ್ಯೂಮೆ ನೋಡೋ ಎಚ್ಆರ್ ಒಬ್ಬರು ‘ಏನ್ ಸಾರ್, ಒಂದು ಕಡೆ ನಿಲ್ಲಲ್ವಾ’ ಅಂತ ಕೇಳಬಹುದಾದ ಜೀವನ.

ಆದ್ರೆ ಒಳಗೆ ನೋಡಿ. ಪ್ರತಿ ಕಡೆ ಅವರ ಕೈಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಲಿಪಿಯನ್ನ ಯಂತ್ರಕ್ಕೆ ಹೇಗೆ ಹೇಳೋದು? ಅದರ ಫಲ ನೀವು ಇವತ್ತು ಬಳಸೋ ಕೀಲಿಮಣೆ. ಹಳೇ ಟೈಪ್‌ರೈಟರ್‌ನಲ್ಲಿ ಅಕ್ಷರದ ತುಂಡುಗಳನ್ನ ಜೋಡಿಸಬೇಕಿತ್ತು. ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಉಚ್ಚಾರಣೆಯ ಕ್ರಮದಲ್ಲಿ ಕೀಲಿ ಒತ್ತಿದ್ರೆ ಸಾಕು, ಆಕಾರ ಕೂಡಿಸೋದು ತಂತ್ರಾಂಶದ ಜವಾಬ್ದಾರಿ. ಕೊಪ್ಪ ಬರೆಯೋಕೆ ಕೆ, ಒ, ಪಿ, ಎಫ್, ಪಿ. ಐದು ಕೀಲಿ. ಎಫ್ ಒತ್ತಿದ್ರೆ ಒತ್ತಕ್ಷರಕ್ಕೆ ದಾರಿ. ಒ ಕೀಲಿಯೊಂದೇ, ಪದದ ಮೊದಲಿಗೆ ಬಂದ್ರೆ ಸ್ವರ, ವ್ಯಂಜನದ ಮೇಲೆ ಬಂದ್ರೆ ಚಿಹ್ನೆ. ಇಂಗ್ಲಿಷ್‌ನ 26 ಕೀಲಿ ಮತ್ತು ಶಿಫ್ಟ್‌ನಲ್ಲೇ ಇಡೀ ಕನ್ನಡ ಕೂತುಬಿಟ್ಟಿತು. ಸೇಡಿಯಾಪು ಅನ್ನೋ ತಂತ್ರಾಂಶವನ್ನ ಅವರು ಉಚಿತವಾಗಿ ಕೊಟ್ಟರು. ಕರ್ನಾಟಕ ಸರ್ಕಾರದ ಬೆಂಬಲದ ‘ನುಡಿ’ ತಂತ್ರಾಂಶ ಹಿಡಿದದ್ದೂ ಈ ವಿನ್ಯಾಸದ ದಾರಿಯನ್ನೇ. 2013ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ಮುದ್ರಣಾಲಯದಲ್ಲಿ ಅಕ್ಷರದ ಮೈ ನೋಡದೇ, ತರಗತಿಯಲ್ಲಿ ಪಾಠ ಮಾಡದೇ, ಬರೀ ಕೋಡ್ ಬರೆದಿದ್ರೆ ಇದು ಹೊಳೀತಿತ್ತಾ? ನನಗೆ ಅನುಮಾನ.

ಡಾ. ಯು.ಬಿ. ಪವನಜ ಇನ್ನೊಬ್ಬರು. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು, ಆ ಕೆಲಸ ಬಿಟ್ಟು ಕನ್ನಡ ತಂತ್ರಾಂಶ, ಕನ್ನಡ ಜಾಲತಾಣ, ಕನ್ನಡ ವಿಕಿಪೀಡಿಯ ಅಂತ ದುಡಿದ್ರು. ‘ಬರಹ’ ತಂತ್ರಾಂಶವನ್ನ 1998ರಲ್ಲಿ ಹೊರಗೆ ತಂದ ಶೇಷಾದ್ರಿವಾಸು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್. ಯಾರೂ ‘ಕನ್ನಡ ಕಂಪ್ಯೂಟಿಂಗ್’ ಅಂತ ಡಿಗ್ರಿ ಮಾಡಿದವರಲ್ಲ. ಆಗ ಅಂಥ ಡಿಗ್ರಿಯೇ ಇರಲಿಲ್ಲ.

ಹಾಗಾಗಿ ಕೆಲಸ ಬದಲಾಯಿಸೋದರಲ್ಲಿ ತಪ್ಪಿಲ್ಲ. ಬದಲಾಯಿಸುವಾಗ ಜೊತೆಗೆ ಏನು ಒಯ್ತೀರಿ ಅನ್ನೋದು ಮುಖ್ಯ. ಕಲಿತ ಉಪಕರಣ ಬೇಗ ಹಳೆಯದಾಗುತ್ತೆ. ಫಾಕ್ಸ್‌ಪ್ರೋ ಅಂತ ಒಂದಿತ್ತು. ಎಷ್ಟೋ ಕಚೇರಿಗಳ ಲೆಕ್ಕ ಅದರಲ್ಲೇ ನಡೀತಿತ್ತು. ಇವತ್ತು ಕೇಳೋರಿಲ್ಲ. ಆದ್ರೆ ಅದರಲ್ಲಿ ಫಲಿತಾಂಶ ಮಾಡ್ತಿದ್ದವರಿಗೆ ಗ್ರೇಸ್ ಮಾರ್ಕ್ಸ್ ಯಾವಾಗ ಸೇರಿಸಬೇಕು, ಮರುಪರೀಕ್ಷೆ ಬರೆದವರ ಹಳೇ ಅಂಕ ಹೇಗೆ ಉಳಿಸಬೇಕು ಅಂತ ಗೊತ್ತಿತ್ತಲ್ಲ, ಅದು ಹಳೆಯದಾಗಿಲ್ಲ.

ಯಾಕೆ ಅಂತ ಇತ್ತೀಚಿನ ಉದಾಹರಣೆಯಿಂದಲೇ ಹೇಳ್ತೀನಿ. 2021-22ರಲ್ಲಿ ಕರ್ನಾಟಕದಲ್ಲಿ ಎನ್ಇಪಿ ಪ್ರಕಾರ ಡಿಗ್ರಿ ಬಂತು, ನಾಲ್ಕನೇ ವರ್ಷದ ಆನರ್ಸ್ ಅವಕಾಶದ ಜೊತೆ. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು, ಪಠ್ಯಕ್ರಮವೂ ಬದಲಾಯ್ತು. ಪತ್ರಿಕೆಯಲ್ಲಿ ಇದು ಒಂದು ದಿನದ ಸುದ್ದಿ. ಪರೀಕ್ಷಾ ವಿಭಾಗದ ಕಂಪ್ಯೂಟರ್‌ನಲ್ಲಿ ಇದು ವರ್ಷಗಟ್ಟಲೆ ಇರುತ್ತೆ. 2020ರ ಬ್ಯಾಚಿನ ಒಬ್ಬ ಒಂದು ಪೇಪರ್ ಉಳಿಸಿಕೊಂಡಿರ್ತಾನೆ, 2022ರವಳು ಎನ್ಇಪಿ, 2024ರವನು ಹೊಸ ಪದ್ಧತಿ. ಮೂವರಿಗೂ ಒಂದೇ ದಿನ ಹಾಲ್ ಟಿಕೆಟ್ ಕೊಡಬೇಕು, ಅವರವರ ನಿಯಮದಂತೆ ಫಲಿತಾಂಶ ಕೊಡಬೇಕು. ನಿಯಮಗಳನ್ನ ಕೋಡ್ ಒಳಗೆ ಗಟ್ಟಿಯಾಗಿ ಬರೆದವರು ಪ್ರತಿ ಸಲ ಗೋಡೆ ಒಡೀಬೇಕು. ನಿಯಮಗಳನ್ನ ಹೊರಗೆ ಪಟ್ಟಿಯಾಗಿ, ಬ್ಯಾಚಿನ ಜೊತೆ ಕಟ್ಟಿ ಇಟ್ಟವರು ಒಂದು ಹೊಸ ಸಾಲು ಸೇರಿಸಿದ್ರೆ ಸಾಕು. ಸಾಫ್ಟ್‌ವೇರ್ ಕಂಪನಿಯ ಶಿಸ್ತು, ಪರೀಕ್ಷಾ ವಿಭಾಗದ ಅನುಭವ, ಎರಡೂ ಇದ್ದವರಿಗೆ ಇದು ಮೊದಲೇ ಕಾಣುತ್ತೆ.

ಇನ್ನು ಮಳೆ. ಬೆಂಗಳೂರಿನಲ್ಲಿ ಕೂತು ಅರ್ಜಿಯ ಪುಟ ಮಾಡೋರಿಗೆ ನೆಟ್‌ವರ್ಕ್ ಯಾವಾಗಲೂ ಇರುತ್ತೆ. ಅಡ್ಮಿಷನ್ ನಡೆಯೋದು ಮಳೆಗಾಲದಲ್ಲಿ. ಜುಲೈನಲ್ಲಿ ಶೃಂಗೇರಿ ಕಡೆ ಕರೆಂಟ್ ಹೋದ್ರೆ ಟವರ್ ಕೂಡ ಹೋಗಬಹುದು. ಎಂಟು ಪುಟದ ಅರ್ಜಿ, ಏಳನೇ ಪುಟಕ್ಕೆ ಬಂದಾಗ ಲಿಂಕ್ ಕಡಿದ್ರೆ ಮತ್ತೆ ಮೊದಲಿಂದಾನಾ? ಪ್ರತಿ ಪುಟಕ್ಕೂ ತಾನಾಗಿ ಸೇವ್ ಆಗೋ ಹಾಗೆ ಮಾಡಬಹುದು. ಫೋಟೋವನ್ನ ಫೋನಲ್ಲೇ ಚಿಕ್ಕದು ಮಾಡಿ ಕಳಿಸಬಹುದು. ಹಣ ಕಟ್ಟಿದ ಮೇಲೆ ಸಂಪರ್ಕ ತಪ್ಪಿದ್ರೆ, ಇನ್ನೊಮ್ಮೆ ಒತ್ತಿದಾಗ ಎರಡು ಸಲ ಹಣ ಕಡಿತ ಆಗದಂತೆ ಪ್ರತಿ ಪಾವತಿಗೂ ಒಂದು ಗುರುತು ಸಂಖ್ಯೆ ಇಡಬಹುದು. ಇವೆಲ್ಲ ಗೊತ್ತಿರೋ ತಂತ್ರಗಳೇ. ಇವು ಬೇಕೇಬೇಕು ಅಂತ ಮೀಟಿಂಗ್‌ನಲ್ಲಿ ಹಟ ಹಿಡಿಯೋಕೆ ಮಲೆನಾಡಿನ ಮಳೆ ನೋಡಿದವರೊಬ್ಬರು ಆ ಕೋಣೆಯಲ್ಲಿ ಇರಬೇಕು. ಆ ಒಬ್ಬರು ನೀವಾಗಬಹುದು.

ಹಾಗಾದ್ರೆ ಏನು ಕಲೀಬೇಕು? ಒಂದು, ಎಸ್‌ಕ್ಯುಎಲ್. ದಾಖಲೆ ಇರೋ ಕಡೆಯೆಲ್ಲ ಅದು ಬೇಕು. ಎರಡು, ಪೈಥಾನ್ ಅಥವಾ ಯಾವುದಾದ್ರೂ ಒಂದು ಭಾಷೆ, ಚೆನ್ನಾಗಿ. ಮೂರು, ಯೂನಿಕೋಡ್. ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಫೋನಲ್ಲಿ ತೆರೆದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತಲ್ಲ, ಅದು ಯಾಕೆ ಅಂತ ಅರ್ಥ ಮಾಡ್ಕೊಳ್ಳಿ. ಕಚೇರಿಗಳಲ್ಲಿ ಅಂಥ ಕಡತ ರಾಶಿ ರಾಶಿ ಇದೆ. ನಾಲ್ಕು, ಬ್ಯಾಕಪ್ ಮತ್ತು ಗೌಪ್ಯತೆ. ಸಾವಿರಾರು ಹೆಣ್ಣುಮಕ್ಕಳ ಫೋನ್ ನಂಬರ್, ವಿಳಾಸ ನಿಮ್ಮ ಕೈಯಲ್ಲಿ ಇರುತ್ತೆ. ಅದನ್ನ ಎಕ್ಸೆಲ್ ಮಾಡಿ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕೋದು ಕೆಲಸ ಅಲ್ಲ, ಅಪರಾಧಕ್ಕೆ ದಾರಿ. ಐದು, ಗ್ರಂಥಾಲಯಕ್ಕೆ ಹೋಗಿ ಕೋಹಾ ಅಥವಾ ಇ-ಗ್ರಂಥಾಲಯ ಹೇಗೆ ನಡೆಯುತ್ತೆ ನೋಡಿ. ಕೋಹಾ ಮುಕ್ತ ತಂತ್ರಾಂಶ, ಕೋಡ್ ತೆರೆದು ಓದಬಹುದು.

ಊರು ಬಿಡಲೇಬೇಕು ಅಂತಿಲ್ಲ, ಬಿಡಬಾರದು ಅಂತಲೂ ಇಲ್ಲ. ಶೃಂಗೇರಿ ಮಠದ ‘ಅದ್ವೈತ ಶಾರದಾ’ ಯೋಜನೆ ಶಂಕರಾಚಾರ್ಯರ ಭಾಷ್ಯಗಳನ್ನ ಪದ ಹಾಕಿ ಹುಡುಕೋ ಹಾಗೆ ಇಂಟರ್ನೆಟ್‌ನಲ್ಲಿ ಇಟ್ಟಿದೆ. ಮೆಣಸೆಯಲ್ಲಿ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಆವರಣ ಇದೆ. ಪಠ್ಯ, ಲಿಪಿ, ಕಂಪ್ಯೂಟರ್ ಸೇರೋ ಕೆಲಸ ನಿಮ್ಮ ಮನೆಯಿಂದ ದೂರ ಇಲ್ಲ. ಕನ್ನಡ ವಿಕಿಪೀಡಿಯ, ವಿಕಿಸೋರ್ಸ್‌ಗೆ ಇವತ್ತು ರಾತ್ರಿಯೇ ನಿಮ್ಮ ಫೋನಿಂದ ಕೈಜೋಡಿಸಬಹುದು. ಸಂಬಳ ಇಲ್ಲ. ಆದ್ರೆ ಅಲ್ಲಿ ಮಾಡಿದ ಕೆಲಸ ಎಲ್ಲರಿಗೂ ಕಾಣುತ್ತೆ, ಸಂದರ್ಶನದಲ್ಲಿ ತೋರಿಸಬಹುದು.

ಮುಗಿಸೋ ಮೊದಲು ಎಲ್ಲರಿಗೂ ಒಂದು ಹೋಮ್‌ವರ್ಕ್, ಐಟಿಗೆ ಬರೋರಿಗೂ ಬರದೇ ಇರೋರಿಗೂ. ಈ ವಾರ ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಕಾಲೇಜಿನ ದಾಖಲೆ, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಪಕ್ಕ ಪಕ್ಕ ಇಟ್ಟು ಹೆಸರನ್ನ ಅಕ್ಷರ ಅಕ್ಷರ ಓದಿ. ಇನಿಶಿಯಲ್ ಮುಂದೆ ಇದೆಯಾ, ಹಿಂದೆ ಇದೆಯಾ ನೋಡಿ. ತಂದೆ ತಾಯಿ ಹೆಸರೂ ನೋಡಿ. ಕಾಲೇಜುಗಳು ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಹೆಸರನ್ನೇ ಹಿಡೀತವೆ, ಹಾಗಾಗಿ ಉಳಿದದ್ದನ್ನ ಅದಕ್ಕೆ ಹೊಂದಿಸಿ. ಕೊನೇ ಸೆಮಿಸ್ಟರ್‌ಗೆ ಕಾಯಬೇಡಿ. ಪದವಿ ಪ್ರಮಾಣಪತ್ರ ಮುದ್ರಣ ಆಗೋ ಮೊದಲು ತಿದ್ದೋದು ಒಂದು ಅರ್ಜಿ. ಆಮೇಲೆ ತಿದ್ದೋದು ಒಂದು ಅಲೆದಾಟ.

ತಪ್ಪು ಕಂಡವರು ಅದು ಎಲ್ಲಿ, ಹೇಗೆ ಆಯ್ತು ಅಂತಲೂ ಸ್ವಲ್ಪ ಯೋಚಿಸಿ. ಆ ಯೋಚನೆ ನಿಮಗೆ ಖುಷಿ ಕೊಟ್ರೆ ಈ ಕೆಲಸ ನಿಮ್ಮದೇ.